ಮೂಗು ಮುನಿದಾಗ ಕುಡಿದ ಕರಿ ಬಿಯರ್

ಚಳ್ಳಕೆರೆಯ ಮನೆಯಲ್ಲಿ ಶೇಂಗಾ ಚಟ್ನಿಪುಡಿ ಮಾಡಿ ಮಾರುವವಳು ನಾನು. ಬೀಜ ಹದವಾಗಿ ಹುರಿದಿದೆಯೋ ಇಲ್ಲವೋ ಎಂದು ಹೇಳುವುದು ಕಣ್ಣಲ್ಲ, ಮೂಗು. ಆ ಮೂಗೇ ಒಂದು ಜ್ವರದ ನಂತರ ಕೈಕೊಟ್ಟಿತು. ಎರಡು ತಿಂಗಳಾದರೂ ವಾಸನೆಯಿಲ್ಲ, ರುಚಿಯೂ ಇಲ್ಲ. ಎರಡು ಸಲ ಬಾಣಲೆ ತುಂಬ ಬೀಜ ಸೀಯಿಸಿದ ಮೇಲೆ ಅತ್ತೆ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. "ಮೂಗು ಬರೋ ತನಕ ನೀನು ಪ್ಯಾಕೆಟ್ ಕಟ್ಟವ್ವ, ಸಾಕು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮೂಗು ಬರದೇ ಹೋದರೆ ಏನು ಗತಿ ಎಂದು ಒಳಗೊಳಗೇ ಹೆದರಿಕೆಯೂ ಇತ್ತು.

ಒಂದು ಭಾನುವಾರ ಮಧ್ಯಾಹ್ನ ನನ್ನ ತಮ್ಮ ಬೆಂಗಳೂರಿಂದ ಒಂದು ಬಾಟಲಿ ತಂದ. ಯಾರೋ ಸಣ್ಣದಾಗಿ ತಾವೇ ತಯಾರಿಸುವ ಕ್ರಾಫ್ಟ್ ಬಿಯರಂತೆ, ಮಾಮೂಲಿಗಿಂತ ಸ್ಟ್ರಾಂಗ್. ಹಿತ್ತಲ ಬೇವಿನ ಮರದ ಕೆಳಗೆ ಕುಳಿತು ಸ್ಟೀಲ್ ಲೋಟಕ್ಕೆ ಬಗ್ಗಿಸಿದ. ಡಿಕಾಕ್ಷನ್ನಿಗಿಂತ ಕಪ್ಪು, ಮೇಲೆ ಬೆಲ್ಲದ ಬಣ್ಣದ ನೊರೆ. ನನ್ನ ಯಜಮಾನರು ಒಂದು ಗುಟುಕಿಗೇ ಮುಖ ಕಿವುಚಿದರು.

"ಕಷಾಯ ಇದ್ದಂಗೈತಲ್ಲೋ ಇದು."

"ಕತ್ತೆಗೇನ್ ಗೊತ್ತು ಕಸ್ತೂರಿ ಪರಿಮಳ, ಭಾವ" ಎಂದ ತಮ್ಮ.

ಆ ಹಿತ್ತಲಲ್ಲಿ ನಿಜವಾದ ಕತ್ತೆ ನಾನೇ ಎನಿಸಿ ಸಂಕಟವಾಯಿತು. "ಇಲ್ಲಿ ಕೊಡೋ" ಎಂದು ಲೋಟ ಕಸಿದುಕೊಂಡೆ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಬಂದರು. ಬೈಯುತ್ತಾರೆಂದುಕೊಂಡರೆ, ಮಹಾತಾಯಿ, ಲೋಟಕ್ಕೆ ಬೆರಳದ್ದಿ ತಾವೇ ನೆಕ್ಕಿ ನೋಡಿದರು. ಮೊಳಕಾಲ್ಮೂರಿನ ಕಡೆಯವರು, ಅರ್ಧ ಮಾತು ತೆಲುಗು. "ಅಮ್ಮೋ, ಚೇದು" ಎಂದು ಆ ಕಹಿಯನ್ನು ತೆಲುಗಿನಲ್ಲೇ ಶಪಿಸಿ, "ಔಷಧಿ ಅಂದ್ಕೊಂಡು ಕುಡಿ, ಯಾರಿಗೂ ಹೇಳ್ಬೇಡ" ಎಂದು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತರು.

ಮೊದಲ ಗುಟುಕು ಬರೀ ತಣ್ಣಗೆ, ಮಂದ. ಎರಡನೆಯದಕ್ಕೆ ಎದೆ ಬೆಚ್ಚಗಾಯಿತು, ಅಷ್ಟೇ. ಹಟ ಹಿಡಿದು ಮೂರನೆಯದನ್ನು ಬಾಯಲ್ಲೇ ಇಟ್ಟುಕೊಂಡೆ. ನಾಲಿಗೆಯ ಬುಡದಲ್ಲಿ ಸಣ್ಣಗೆ ಕಹಿ ಎದ್ದಿತು. ಅದರ ಹಿಂದೆಯೇ ಮೂಗಿಗೆ ಏನೋ ಬಡಿಯಿತು.

"ಶೇಂಗಾ ಸೀದಂಗೆ ವಾಸ್ನೆ ಬರ್ತೈತೆ" ಎಂದೆ.

"ಅದೇ ಅಕ್ಕ, ಧಾನ್ಯ ಕಪ್ಪಗೆ ಹುರ್ದು ಹಾಕಿರ್ತಾರೆ ಇದ್ಕೆ" ಎಂದು ತಮ್ಮ ಬೀಗಿದ.

ಲೋಟ ಕೆಳಗಿಟ್ಟು ದೂರ ಸರಿಸಿದೆ. ವಾಸನೆ ಕಡಿಮೆಯಾಗಲಿಲ್ಲ, ಜೋರಾಯಿತು. "ಇದ್ರದ್ದಲ್ಲ ಕಣೋ. ಒಳಗಿಂದ ಬರ್ತೈತೆ."

ಅತ್ತೆಯ ಮುಖ ಬಿಳಿಚಿಕೊಂಡಿತು. "ಒಲೆ ಮ್ಯಾಲೆ ಹಂಗೇ ಬಿಟ್ಟು ಬಂದ್ನಲ್ಲೇ" ಎಂದು ಸೆರಗು ಸಿಕ್ಕಿಸಿಕೊಂಡು ಓಡಿದರು. ಗಂಡಸರಿಬ್ಬರಿಗೂ ಆಗಲೂ ಏನೂ ವಾಸನೆ ಬಡಿದಿರಲಿಲ್ಲ.

ನಾನು ಹೋಗುವಷ್ಟರಲ್ಲಿ ಬಾಣಲೆಯ ಬೀಜವೆಲ್ಲ ಕರಿಕಲಾಗಿತ್ತು. ನಾನು ಹೊಗೆಗೆ ಮುಖವೊಡ್ಡಿ ಉಸಿರೆಳೆದುಕೊಂಡೆ, ಕೆಮ್ಮಿದೆ, ಮತ್ತೆ ಎಳೆದುಕೊಂಡೆ. ಅಳುವೂ ನಗುವೂ ಒಟ್ಟಿಗೇ ಬಂದವು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಅತ್ತೆ ಒಲೆ ಆರಿಸಿ, ನನ್ನನ್ನು ಒಂದು ಗಳಿಗೆ ನೋಡಿ, "ನಾಳಿಂದ ನೀನೇ ಹುರಿಯವ್ವ" ಎಂದರು.