ಜ್ಯಾಕಿನ ಕೆಳಗೆ ಹಗೇವು

ನಾನು ಚಿಕ್ಕವಳಿದ್ದಾಗ ನನಗೆ ಹೆದರಿಕೆ ಹುಟ್ಟಿಸದ ವಸ್ತು ಎಂದರೆ ಅಪ್ಪನ ಗಾಡಿ ಒಂದೇ. ಕತ್ತಲೆಗೆ ಹೆದರುತ್ತಿದ್ದೆ, ಎಮ್ಮೆಗೆ ಹೆದರುತ್ತಿದ್ದೆ, ಸೂಜಿ ಚುಚ್ಚುವ ಡಾಕ್ಟರರ ಚೀಲ ಕಂಡರೆ ಅಟ್ಟ ಏರಿ ಕೂರುತ್ತಿದ್ದೆ. ಆದರೆ ಮನೆಯ ಪಾತ್ರೆಗಳೆಲ್ಲ ನಡುಗುವಂತೆ ಸದ್ದು ಮಾಡುತ್ತಿದ್ದ ಆ ಹಳೇ ಗಾಡಿಯ ಮುಂದಿನ ಸೀಟು ಹತ್ತಿದರೆ ನನ್ನಂಥ ಧೈರ್ಯವಂತೆ ಇನ್ನೊಬ್ಬಳಿರಲಿಲ್ಲ. ಮಿಲಿಟರಿಯವರು ಹರಾಜು ಹಾಕಿದ್ದನ್ನು ಅಪ್ಪ ಕೊಂಡು ತಂದಿದ್ದ. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಚೀಲ ಹೇರಲು ತೆರೆದ ಡಬ್ಬಿ. ಬೇರೆ ಗಾಡಿಗಳನ್ನು ಎರಡು ಗಾಲಿ ಎಳೆದರೆ ಇದನ್ನು ನಾಲ್ಕೂ ಗಾಲಿ ಎಳೆಯುತ್ತಿದ್ದವು. ಮಳೆ ಬಿದ್ದು ಎರೆಮಣ್ಣು ಹಿಟ್ಟಿನ ಹಾಗೆ ಕಲಸಿಕೊಂಡು ಚಕ್ಕಡಿಗಳೆಲ್ಲ ಹೂತು ನಿಂತಾಗಲೂ ಅಪ್ಪ ಅದನ್ನು ಗುರುಗುಟ್ಟಿಸುತ್ತ ದಾಟಿಸಿಕೊಂಡು ಬರುತ್ತಿದ್ದ.

ಆ ವರ್ಷ ಬೇಸಿಗೆ ರಜೆಗೆ ನಾನು ಆಯಿಯ ಊರಿನಲ್ಲಿದ್ದೆ. ಆಯಿ ಎಂದರೆ ನನ್ನ ಅವ್ವನ ಅವ್ವ. ಗುಡಗೇರಿಗೆ ಹತ್ತಿರದ ಸಣ್ಣ ಹಳ್ಳಿ ಅದು. ಒಂದು ಬೆಳಿಗ್ಗೆ ಹಿತ್ತಲಿಗೆ ಹೋದಾಗ ಆಯಿ ಬೇವಿನ ಮರದ ಬುಡದಿಂದ ಒಂದೊಂದೇ ಹೆಜ್ಜೆ ಎಣಿಸುತ್ತ ಬರುತ್ತಿದ್ದಳು. ಎಂಟು ಹೆಜ್ಜೆಗೆ ನಿಂತು, ಕಾಲಿನಿಂದ ನೆಲ ಒತ್ತಿ ನೋಡಿದಳು. ಏನು ಮಾಡುತ್ತಿದ್ದೀ ಎಂದು ನಾನು ಕೇಳಿದ್ದೇ ತಪ್ಪಾಯಿತು. ಕಂಡುಬಿಟ್ಟವಳಿಗೆ ಹೇಳದೆ ಗತಿಯಿಲ್ಲ ಎಂದುಕೊಂಡು ಅಲ್ಲಿ ಹಗೇವು ಇದೆ ಎಂದು ಪಿಸುಗುಟ್ಟಿದಳು.

ಹಗೇವು ಎಂದರೆ ಜೋಳ ಕೂಡಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಬಾಯಿಗೆ ಕಲ್ಲಿನ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ತುಳಿದು, ಸಗಣಿ ಸಾರಿಸಿಬಿಟ್ಟರೆ ಮೇಲೆ ಓಡಾಡಿದವರಿಗೂ ಗೊತ್ತಾಗುತ್ತಿರಲಿಲ್ಲ. ಕಳ್ಳರ ಭಯಕ್ಕೆ ಮನೆಯ ಹಗೇವು ಎಲ್ಲಿದೆ ಎಂಬುದನ್ನು ಮನೆಯವರನ್ನು ಬಿಟ್ಟು ಯಾರಿಗೂ ಹೇಳುತ್ತಿರಲಿಲ್ಲ. ಅಳಿಯನಿಗೂ ಹೇಳುತ್ತಿರಲಿಲ್ಲ. ನನ್ನ ಅಪ್ಪನಿಗಂತೂ ಹೇಳುವ ಮಾತೇ ಇರಲಿಲ್ಲ. ಊರೂರು ತಿರುಗುವವ, ಚಹಾ ಕುಡಿಯಲು ಕುಳಿತ ಕಡೆಯಲ್ಲೆಲ್ಲ ಮನೆಯ ಸುದ್ದಿ ಹರವುವವ ಎಂದು ಆಯಿಯ ಲೆಕ್ಕ. ಅವಳು ನನ್ನ ಬಲಗೈ ಹಿಡಿದು ನೆಲಕ್ಕೆ ಮುಟ್ಟಿಸಿದಳು.

"ನಿಮ್ಮಪ್ಪನ ಆಣಿ ಐತಿ ನೋಡು. ಯಾರ ಮುಂದೂ ಬಾಯಿ ಬಿಡಬ್ಯಾಡ. ಅಂವನ ಮುಂದೂ ಬಿಡಬ್ಯಾಡ."

ಅಪ್ಪನ ಆಣೆ ಎಂದರೆ ಏನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮಾತು ಮುರಿದರೆ ಅಪ್ಪ ಸಾಯುತ್ತಾನೆ. ನಮ್ಮ ಓಣಿಯ ಹುಡುಗಿಯರೆಲ್ಲ ಇದನ್ನು ನಂಬಿದ್ದೆವು. ಅನುಮಾನ ಪಡಲೂ ನಮಗೆ ಧೈರ್ಯವಿರಲಿಲ್ಲ.

ರಜೆ ಮುಗಿಯುತ್ತ ಬಂದಾಗ ಅಪ್ಪ ನನ್ನನ್ನು ನಮ್ಮೂರು ಕುಂದಗೋಳಕ್ಕೆ ಕರೆದೊಯ್ಯಲು ಗಾಡಿ ತೆಗೆದುಕೊಂಡು ಬಂದ. ಅವತ್ತು ಗುಡಗೇರಿಯ ಸಂತೆ. ನಮ್ಮ ಜೊತೆ ಏನಾದರೂ ಕಟ್ಟಿಕೊಡಬೇಕೆಂದು ಆಯಿ ಸಂತೆಗೆ ಹೋಗಿದ್ದಳು, ಮಾವಂದಿರು ಹೊಲದಲ್ಲಿದ್ದರು. ನಾನು ಓಡಿಹೋಗಿ ಗಾಡಿ ಹತ್ತಿದೆ. ಬಾಗಿಲು ಮುಚ್ಚಿಕೊಳ್ಳಲಿಲ್ಲ. ಅಪ್ಪ ಎರಡು ಸಲ ಬಡಿದು ನೋಡಿ, ಹುಬ್ಬು ಗಂಟಿಕ್ಕಿ, ಗಾಡಿಯ ಕೆಳಗೆ ಬಗ್ಗಿ ನೋಡಿದ. ಚಾಸಿ ಸೀಳಿ ಗಾಡಿ ತುಸು ಬಾಗಿತ್ತು, ಅದಕ್ಕೇ ಬಾಗಿಲು ಕೂರುತ್ತಿರಲಿಲ್ಲ. ಚಾಸಿ ಗಾಡಿಯ ಬೆನ್ನೆಲುಬು. ಇಂಜಿನ್ನು, ಡಬ್ಬಿ, ಕೂತವರು ಎಲ್ಲರ ಭಾರವನ್ನೂ ಅದೇ ಹೊರಬೇಕು. ಎಡಗಡೆಯ ತೊಲೆಯಲ್ಲಿ, ಹಿಂದಿನ ಗಾಲಿಯ ಹತ್ತಿರ, ಒಂದು ಗೇಣಿನಷ್ಟು ಬಿರುಕು. ದಾರಿಯಲ್ಲಿ ಅದು ಪೂರ್ತಿ ಮುರಿದರೆ ಗಾಡಿ ನಡುವೆ ಮಡಚಿಕೊಳ್ಳುತ್ತದೆ ಎಂದು ಅಪ್ಪ ಹೇಳಿದ. ತಾನೊಬ್ಬನೇ ಆಗಿದ್ದರೆ ಹೇಗೋ ಹೋಗಿಬಿಡುತ್ತಿದ್ದನೇನೋ. ನನ್ನನ್ನು ಕೂರಿಸಿಕೊಂಡು ಹೋಗಲು ಮನಸ್ಸು ಒಪ್ಪಲಿಲ್ಲ.

ಊರ ಕಂಬಾರನ ಹತ್ತಿರ ಹೋಗಿ ದಪ್ಪ ಕಬ್ಬಿಣದ ಪಟ್ಟಿಯೊಂದಕ್ಕೆ ತೂತು ಹಾಕಿಸಿ ತಂದ. ಆ ಪಟ್ಟಿಯನ್ನು ಬಿರುಕಿನ ಮೇಲೆ ಕೂರಿಸಿ ಬೋಲ್ಟು ಬಿಗಿದರೆ ಹುಬ್ಬಳ್ಳಿಯಲ್ಲಿ ವೆಲ್ಡಿಂಗ್ ಮಾಡಿಸುವ ತನಕ ತಡೆಯುತ್ತದೆ ಎಂದು ಅವನ ಅಂದಾಜು. ಬಿಸಿಲು ಸುಡುತ್ತಿತ್ತು. ನೆರಳಿದ್ದದ್ದು ಹಿತ್ತಲಿನ ಬೇವಿನ ಮರದಡಿ ಮಾತ್ರ. ಅಪ್ಪ ಗಾಡಿಯನ್ನು ಮೆಲ್ಲಗೆ ಅಲ್ಲಿಗೆ ತಂದು ನಿಲ್ಲಿಸಿ, ಒಂದು ಹಲಗೆ ಹಾಸಿ, ಅದರ ಮೇಲೆ ಜ್ಯಾಕು ಇಟ್ಟು ಎತ್ತಿದ. ಗಾಲಿ ಬಿಚ್ಚಿ ಪಕ್ಕಕ್ಕೆ ಉರುಳಿಸಿದ. ಗೋಣಿಚೀಲ ಹಾಸಿಕೊಂಡು ಅಂಗಾತ ಮಲಗಿ ಒಳಗೆ ಸರಿದ.

ನಾನು ಮರದ ಬುಡಕ್ಕೆ ಹೋಗಿ ಮನಸ್ಸಿನಲ್ಲೇ ಎಣಿಸುತ್ತ ಎಂಟು ಹೆಜ್ಜೆ ಇಟ್ಟೆ. ಎಂಟನೆಯದು ಜ್ಯಾಕಿನ ಹಲಗೆಯ ಮೇಲೆ ಬಿತ್ತು. ನನ್ನ ಹೆಜ್ಜೆ ಸಣ್ಣದು, ಆಯಿಯದು ದೊಡ್ಡದು ಎಂದುಕೊಂಡು ಮತ್ತೆ ದೊಡ್ಡದಾಗಿ ಎಣಿಸಿದೆ. ಆಗ ಅದು ಹಲಗೆ ದಾಟಿ ಒಂದೇ ಗೇಣು ಆಚೆ ಬಿತ್ತು. ಹೇಗೆ ಎಣಿಸಿದರೂ ಜ್ಯಾಕು ಹಗೇವಿನ ಮೇಲೇ ಇತ್ತು.

ಅಪ್ಪ ಒಳಗಿನಿಂದಲೇ ಹರಟುತ್ತಿದ್ದ. ಬಿರುಕಿನ ತುದಿಗೆ ಒಂದು ಸಣ್ಣ ತೂತು ಕೊರೆದರೆ ಅದು ಮುಂದಕ್ಕೆ ಓಡುವುದಿಲ್ಲ, ಅಲ್ಲೇ ನಿಲ್ಲುತ್ತದೆ ಎಂದು ನನಗೆ ಪಾಠ ಹೇಳುತ್ತ ಕೈಬೈರಿಗೆ ತಿರುಗಿಸುತ್ತಿದ್ದ. ಕಬ್ಬಿಣದ ಪುಡಿ ಅವನ ಎದೆಯ ಮೇಲೆ ಉದುರುತ್ತಿತ್ತು. ಸುಟ್ಟ ಎಣ್ಣೆಯ ವಾಸನೆ, ಬೇವಿನ ಹಣ್ಣಿನ ವಾಸನೆ. ನನಗೆ ಅವನ ಕಾಲುಗಳಷ್ಟೇ ಕಾಣುತ್ತಿದ್ದವು. ಅವನು ಬೈರಿಗೆ ಒತ್ತಿದಾಗಲೆಲ್ಲ ಗಾಡಿ ತುಸು ಅಲುಗುತ್ತಿತ್ತು. ಹೇಳಿದರೆ ಆಣೆ ಮುರಿದು ಅಪ್ಪ ಸಾಯುತ್ತಾನೆ. ಹೇಳದಿದ್ದರೆ ನೆಲ ಕುಸಿದು ಅಪ್ಪ ಸಾಯುತ್ತಾನೆ. ಇದನ್ನು ಯಾರನ್ನು ಕೇಳಲಿ? ಕೇಳಬೇಕಾದ ಆಯಿ ಸಂತೆಯಲ್ಲಿದ್ದಳು.

ಹೇಳದೆಯೇ ಅವನನ್ನು ಹೊರಗೆ ಕರೆಯಬೇಕೆಂದು ಮಜ್ಜಿಗೆ ತಂದೆ. ಹೊರಬಂದು ಕುಡಿದ, ಮೀಸೆ ಒರೆಸಿಕೊಂಡ, ಮತ್ತೆ ಒಳಗೆ ಸರಿದ. ಆಮೇಲೆ ಚೇಳು ಬಂದಿದೆ ಎಂದು ಸುಳ್ಳು ಹೇಳಿದೆ. ದಿನಕ್ಕೆ ಹತ್ತು ಸಲ ಚೇಳು ಕಾಣುವ ಅಂಜುಬುರುಕಿ ನಾನು. ಬೇರೆ ಯಾರೇ ಹೇಳಿದ್ದರೂ ಅಪ್ಪ ಎದ್ದು ಬರುತ್ತಿದ್ದ. ನನ್ನ ಮಾತಿಗೆ ಅವನು ಗಾಡಿಯ ಕೆಳಗಿನಿಂದಲೇ ನಕ್ಕ. ಆ ನಗು ಕೇಳಿ ನನಗೆ ಅಳು ಬಂತು.

ಅಷ್ಟರಲ್ಲಿ ಹಲಗೆಯ ಅಂಚಿನಲ್ಲಿ ಸಗಣಿಯ ಸಾರಣೆ ಬಿರುಕು ಬಿಟ್ಟಿತು. ಕೂದಲೆಳೆಯಷ್ಟು ಗೆರೆ. ಅದರೊಳಗೆ ಮಣ್ಣು ಇಳಿಯುವ ಸರಸರ ಸದ್ದು ನನಗೆ ಕೇಳಿಸಿತು. ಅಪ್ಪನಿಗೆ ಬೈರಿಗೆಯ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ. ಆಗ ನಾನು ಮಾಡಿದ ಲೆಕ್ಕ ಈಗಲೂ ನೆನಪಿದೆ: ಆಣೆ ಮುರಿದರೆ ಅಪ್ಪ ಯಾವಾಗ ಸಾಯುತ್ತಾನೆ ಎಂದು ಯಾರೂ ಹೇಳಿಲ್ಲ, ನಾಳೆಯಾದರೂ ಆಗಬಹುದು. ಮಣ್ಣು ಕುಸಿದರೆ ಈಗಲೇ.

"ಅಪ್ಪಾ, ಹೊರಗ ಬಾ. ಜ್ಯಾಕಿನ ಬುಡಕ ಹಗೇವು ಐತಿ."

ಬೈರಿಗೆ ನಿಂತಿತು. ಈ ಸಲ ಅವನು ನಗಲಿಲ್ಲ. ಎಲ್ಲಿಗೂ ಮೈ ತಾಗಿಸದೆ, ಗೋಣಿಚೀಲದ ಸಮೇತ, ಇಷ್ಟಿಷ್ಟೇ ಸರಿದು ಬಂದ. ಮೊದಲು ಹೊಟ್ಟೆ ಕಂಡಿತು, ಆಮೇಲೆ ಎದೆ. ತಲೆ ಹೊರಗೆ ಬರಲು ಎಷ್ಟು ಹೊತ್ತು ಹಿಡಿಯಿತೋ. ಎದ್ದು ನಿಂತವನು ಹಲಗೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ನೆಲವನ್ನು ಬೆರಳ ಗಂಟಿನಿಂದ ತಟ್ಟಿ ನೋಡಿದ. ಒಳಗೆ ಪೊಳ್ಳು ಸದ್ದು.

"ಹಿಂದ ಸರಿ. ಮರದ ಕಡೆ ಹೋಗು," ಎಂದ. ಅವನ ದನಿ ನಡುಗುತ್ತಿತ್ತು. ಅಪ್ಪನಿಗೂ ಹೆದರಿಕೆಯಾಗುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತೇ.

ನಾವು ಮರ ಮುಟ್ಟುವಷ್ಟರಲ್ಲಿ ಚಪ್ಪಡಿ ಮುರಿಯಿತು. ಜ್ಯಾಕು, ಹಲಗೆ ಎರಡೂ ಮಾಯವಾದವು. ಗಾಲಿಯಿಲ್ಲದ ಆ ಮೂಲೆ ದಢಾರನೆ ನೆಲಕ್ಕೆ ಬಡಿಯಿತು. ಧೂಳು ಎದ್ದಿತು, ಅದರ ಹಿಂದೆಯೇ ಹಳೇ ಜೋಳದ ಹುಳಿ ವಾಸನೆ. ಅಪ್ಪ ಬಿಟ್ಟು ಬಂದ ಬೈರಿಗೆ ಚಾಸಿಯ ಕೆಳಗೆ ಸಿಕ್ಕಿ ಬಾಗಿತ್ತು.

ಆಯಿ ಸಂತೆಯ ಬುಟ್ಟಿ ಹೊತ್ತುಕೊಂಡು ಬಂದಾಗ ಅಪ್ಪ ಜ್ಯಾಕು ತೆಗೆಯಲೆಂದು ಹಗೇವಿಗೆ ಇಳಿಯುವ ತಯಾರಿಯಲ್ಲಿದ್ದ. ಅಳಿಯನ ಎದುರು ಎಂದೂ ದನಿ ಎತ್ತದ ಆಯಿ ಓಡಿಬಂದು ಅವನ ತೋಳು ಹಿಡಿದಳು. "ಇಳೀಬ್ಯಾಡ್ರಿ. ಒಳಗ ಗಾಳಿ ಕೆಟ್ಟಿರತೈತಿ," ಎಂದಳು. ಕಂದೀಲು ಹಚ್ಚಿ ಹಗ್ಗ ಕಟ್ಟಿ ಇಳಿಬಿಟ್ಟಳು. ಎರಡು ಮಾರು ಇಳಿಯುವುದರೊಳಗೆ ದೀಪ ಸಣ್ಣಗಾಗಿ ಆರಿಹೋಯಿತು. ಅಂಥ ಕಡೆ ಮನುಷ್ಯನ ಉಸಿರೂ ಹಾಗೇ ಆರುತ್ತದೆ ಎಂದಳು. ಅಪ್ಪ ಹೋಗಿ ಜಗಲಿಯ ಮೇಲೆ ಕುಳಿತ.

ಆರಿದ ದೀಪ ನೋಡಿ ನಾನು ಜೋರಾಗಿ ಅತ್ತುಬಿಟ್ಟೆ. ಆಣೆ ಮುರಿದೆ, ಅಪ್ಪ ಸಾಯುತ್ತಾನೆ ಎಂದು ಬಿಕ್ಕುತ್ತಲೇ ಎಲ್ಲವನ್ನೂ ಹೇಳಿದೆ. ಆಯಿಯ ಮುಖ ಕಪ್ಪಿಟ್ಟಿತು. ಹಗೇವಿನ ಬಾಯಿ ನೋಡಿದಳು, ಅಪ್ಪನನ್ನು ನೋಡಿದಳು. ಆಮೇಲೆ ನನ್ನ ಬಲಗೈ ತೆಗೆದುಕೊಂಡು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಆಣಿ ಹಾಕಿದಾಕಿ ನಾನು. ತಪ್ಪು ನಂದು. ಅದರ ಪಾಪ ಹತ್ತೂದಿದ್ರ ನನಗ ಹತ್ಲಿ."

ಅವಳು ನನ್ನ ಹೆದರಿಕೆ ಕಳೆಯಲೆಂದೇ ಹಾಗಂದಳು. ಆದರೆ ನಾನು ಬೇರೆಯೇ ಲೆಕ್ಕ ಹಾಕಿದೆ. ಅಪ್ಪ ಉಳಿದ, ಹಾಗಾದರೆ ಇನ್ನು ಆಯಿ ಸಾಯುತ್ತಾಳೆ.

ಮರುದಿನ ಮಾವಂದಿರು ನಾಲ್ಕು ಜನರನ್ನು ಕರೆತಂದು ತೊಲೆ ಹಾಕಿ ಗಾಡಿ ಎತ್ತಿದರು. ಗಾಳಿ ಆಡಿ ದೀಪ ಉರಿಯತೊಡಗಿದ ಮೇಲೆ ಜ್ಯಾಕು ತೆಗೆದರು. ಗಟ್ಟಿ ನೆಲಕ್ಕೆ ಗಾಡಿ ಸರಿಸಿ, ಪಟ್ಟಿ ಕೂರಿಸಿ ಬೋಲ್ಟು ಬಿಗಿದು, ಅಪ್ಪ ನನ್ನನ್ನು ಕುಂದಗೋಳಕ್ಕೆ ಕರೆತಂದ. ದಾರಿಯುದ್ದಕ್ಕೂ ಮೆಲ್ಲಗೆ ಓಡಿಸಿದ. ಒಂದು ಕೈ ನನ್ನ ಮೊಣಕಾಲಿನ ಮೇಲೇ ಇತ್ತು. ಆಮೇಲೆ ಎಷ್ಟೋ ತಿಂಗಳು, ಆಯಿಯ ಊರಿನ ಕಡೆಯಿಂದ ಯಾರು ಬಂದರೂ ನಾನು ಬಾಗಿಲ ಹಿಂದೆ ನಿಂತು ಅವಳು ಹೇಗಿದ್ದಾಳೆಂದು ಕೇಳಿಸಿಕೊಳ್ಳುತ್ತಿದ್ದೆ. ಆಯಿ ನನ್ನ ಮದುವೆಯಲ್ಲಿ ಹೋಳಿಗೆ ಬಡಿಸಿದಳು. ನನ್ನ ಮೊದಲ ಮಗುವಿಗೆ ಎಣ್ಣೆ ಹಚ್ಚಿ ಎರೆದಳು. ಆಗಲೂ ಒಮ್ಮೊಮ್ಮೆ ಅವಳು ಕೆಮ್ಮಿದರೆ ನನಗೆ ಆ ಆಣೆ ನೆನಪಾಗುತ್ತಿತ್ತು.

ಈಗ ನನ್ನ ಮೊಮ್ಮಕ್ಕಳ ಊರಿನಲ್ಲಿ ಹಗೇವುಗಳಿಲ್ಲ. ಜೋಳ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅವರ ಅಪ್ಪ ಕಾರಿನ ಕೆಳಗೆ ಯಾವತ್ತೂ ಬಗ್ಗಿ ನೋಡಿಲ್ಲ. ಏನಾದರೂ ಕೆಟ್ಟರೆ ಫೋನು ಮಾಡುತ್ತಾನೆ, ಯಾರೋ ಬಂದು ಒಯ್ಯುತ್ತಾರೆ. ಗುಟ್ಟುಗಳು ಮಾತ್ರ ಇವರಿಗೂ ಇವೆ. ಮೊಬೈಲಿನ ಬೀಗದ ಅಂಕಿ, ಶಾಲೆಯಲ್ಲಿ ಯಾರೋ ಯಾರಿಗೋ ಅಂದ ಮಾತು. ಗಾಡ್ ಪ್ರಾಮಿಸ್, ಮದರ್ ಪ್ರಾಮಿಸ್ ಎಂದು ದಿನಕ್ಕೆ ಇಪ್ಪತ್ತು ಸಲ ಅನ್ನುತ್ತಾರೆ, ಮರುಗಳಿಗೆ ಮರೆತು ಆಡಲು ಓಡುತ್ತಾರೆ. ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಮೊನ್ನೆ ಚಿಕ್ಕವಳು ನನ್ನ ಕಿವಿಯಲ್ಲಿ ಒಂದು ಗುಟ್ಟು ಹೇಳಬೇಕು, ಮೊದಲು ಪ್ರಾಮಿಸ್ ಮಾಡಜ್ಜಿ ಎಂದು ನನ್ನ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಳ್ಳಲು ಬಂದಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ನಿನ್ನ ಗುಟ್ಟು ಯಾರಿಗೂ ಹೇಳುವುದಿಲ್ಲ, ನಂಬು ಎಂದೆ. ಆದರೆ ಆ ಗುಟ್ಟಿನ ಮೇಲೆ ಯಾರಾದರೂ ಮಲಗಿದ್ದರೆ ಮಾತ್ರ ಕೂಗಿ ಹೇಳಿಬಿಡುತ್ತೇನೆ, ನೀನೂ ಹಾಗೇ ಮಾಡು ಎಂದೆ. ಅವಳಿಗೆ ಏನೂ ತಿಳಿಯಲಿಲ್ಲ. ಅದಕ್ಕೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ಕೇಳಿದ ಮೇಲೆ ಅವಳು ಪ್ರಾಮಿಸ್ ಕೇಳದೆಯೇ ನನ್ನ ಕಿವಿಗೆ ಬಾಯಿ ಇಟ್ಟು ತನ್ನ ಗುಟ್ಟು ಹೇಳಿದಳು.