ದ್ವಾದಶಿಯ ದಿನ ಬಂದಿಳಿದ ತುಳಸಿ

ನಮ್ಮ ಸೋದರತ್ತೆ ಕಳೆದ ವಾರ ನೈರೋಬಿಯಿಂದ ಬಂದರು. ವಿಮಾನದಲ್ಲಿ ದಾರಿಯುದ್ದಕ್ಕೂ ಅವರ ತೊಡೆಯ ಮೇಲೊಂದು ಹಾಲಿನ ಪುಡಿಯ ಡಬ್ಬಿ. ಡಬ್ಬಿಯಲ್ಲಿ ಮಣ್ಣು, ಮಣ್ಣಿನಲ್ಲಿ ಮೊಳದುದ್ದದ ತುಳಸಿ.

ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳಿಗೆ ತಕರಾರಿರಲಿಲ್ಲ. ತಡೆದದ್ದು ತುಳಸಿಯನ್ನು. ಹೊರದೇಶದ ಗಿಡಗಳನ್ನು ಪರೀಕ್ಷಿಸಲೆಂದೇ ಅಲ್ಲಿ ಒಬ್ಬ ಇನ್ಸ್‌ಪೆಕ್ಟರ್ ಇರುತ್ತಾರೆ. (ನನಗೂ ಅಂದೇ ಗೊತ್ತಾದದ್ದು.) ಬೆಳಗಾವಿಯವರು. ಎಲೆ ಮಗುಚಿ ಲೆನ್ಸ್ ಹಿಡಿದರು.

“ಕಾಕೂ, ಮಣ್ಣ ಒಳಗ ಬಿಡೂಹಂಗಿಲ್ರಿ. ಮ್ಯಾಲ ಬಿಳಿ ಹುಳಾನೂ ಅದಾವ. ಕಿತ್ತು ಸುಡಬೇಕಾಗ್ತದ.”

“ತುಳಸಿ ಸುಡ್ತೀ? ದಿನಾ ಇದಕ್ಕ ಪೂಜಿ ಮಾಡೇ ನೀರ ಕುಡಿಯೋಕಿ ನಾ!”

ಮನೆಯಲ್ಲೊಬ್ಬ ಪತ್ರಕರ್ತ ಇರುವುದು ಇನ್ನೇತಕ್ಕೆ? ಕರೆತರಲು ಹೋಗಿದ್ದ ನಾನು ಪ್ರೆಸ್ ಕಾರ್ಡ್ ಮುಂದಿಟ್ಟೆ. ಅದಕ್ಕೂ ಹುಳು ಹತ್ತಿದೆಯೇ ಎಂಬಂತೆ ಇನ್ಸ್‌ಪೆಕ್ಟರ್ ಹಿಂದೆ ಮುಂದೆ ತಿರುವಿ ನೋಡಿ ವಾಪಸು ಕೊಟ್ಟರು.

ಅತ್ತೆ ದನಿ ತಗ್ಗಿಸಿದರು. “ತಮ್ಮಾ, ಪಾರಣಿ ಆತೇನು?”

“ಮುಂಜಾನೇನ ಆತ್ರಿ,” ಎಂದರು ಇನ್ಸ್‌ಪೆಕ್ಟರ್, ಅಭ್ಯಾಸಬಲದಿಂದ.

“ಅಂದ್ರ ಏಕಾದಶಿ ಉಪವಾಸ ಮಾಡಂವ. ಇವತ್ತ ದ್ವಾದಶಿ. ಒಂದ ಎಲಿ ಹರೀಬಾರದು. ನೀ ಗಿಡಾನ ಕೀಳ್ತೀ?”

ಇನ್ಸ್‌ಪೆಕ್ಟರ್ ಕೈ ಹಿಂದೆ ತೆಗೆದುಕೊಂಡರು. ಕಾಯಿದೆಯಲ್ಲಿ ತಿಥಿಯ ಮಾತಿರಲಿಲ್ಲ. ರಿಜಿಸ್ಟರಿನಲ್ಲಿ ಬರೆದರು: “ಹೆಚ್ಚಿನ ಪರೀಕ್ಷೆಗಾಗಿ ತಡೆಹಿಡಿಯಲಾಗಿದೆ.” (ಸುಳ್ಳೇನಲ್ಲ. ಪರೀಕ್ಷಿಸಿದ್ದು ಪಂಚಾಂಗ.) ತುಳಸಿಯನ್ನು ಬಲೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

“ನಾಳೀತನಕ ನೀರು?”

“ನಾನ ಹಾಕ್ತೀನ್ರಿ.”

“ಸ್ನಾನಾ ಮಾಡಿ ಹಾಕು.”

ಮರುದಿನ ತ್ರಯೋದಶಿ. ಅತ್ತೆ ಅರಿಶಿನ ಕುಂಕುಮ ಹಿಡಿದು, ನನ್ನನ್ನೂ ಕರೆದುಕೊಂಡು ಮತ್ತೆ ಅಲ್ಲಿಗೇ ಹೊರಟರು, ಹೇಗಾದರೂ ಬಿಡಿಸಿಕೊಂಡೇ ಬರುವ ಹಟ. ಸರಕಾರಿ ಮೇಜಿನ ಮೇಲೆ ಪೂಜೆ ನಡೆಯಿತು. ಇನ್ಸ್‌ಪೆಕ್ಟರ್ ಬೂಟು ಬಿಚ್ಚಿ ನಿಂತರು. ಆಮೇಲೆ ಲೆನ್ಸನ್ನು ಅತ್ತೆಯ ಕೈಗೇ ಕೊಟ್ಟರು.

“ಅಯ್ಯ! ಮಕ್ಕಳು ಮರಿ ಸಂಸಾರನ ಹೂಡ್ಯಾವಲ್ಲೋ!”

“ಇವು ಹೊರಗ ಹೋದ್ರ ಹತ್ತಿ, ಬದನಿ, ಪೇರಲ ಒಂದೂ ಬಿಡಲಿಕ್ಕಿಲ್ರಿ.”

“ನಮ್ಮಣ್ಣನ ಹತ್ತೀನೂ?”

(ಅಣ್ಣ ಎಂದರೆ ನಮ್ಮಪ್ಪ. ಹೊಲ ನವಲಗುಂದದಲ್ಲಿದೆ.)

“ಅದನ್ನೂ.”

ಅತ್ತೆ ಮತ್ತೊಮ್ಮೆ ನೋಡಿದರು. ಗಿಡಕ್ಕೆ ಕೈಮುಗಿದರು. “ಸರಿ, ನೀ ಬ್ಯಾಡ. ನಾನ ಕೀಳ್ತೀನಿ,” ಎಂದು ಬುಡಸಮೇತ ಎತ್ತಿ ಅವರ ಕೈಗಿಟ್ಟರು. ಬೆಂಕಿಗೆ ಹಾಕುವಾಗ ಕಣ್ಣೊರೆಸಿಕೊಂಡದ್ದು ಇನ್ಸ್‌ಪೆಕ್ಟರ್. ಅತ್ತೆ ಅಲ್ಲ.

ಹೊರಗೆ ಬಸ್ಸಿಗೆ ಕಾಯುವಾಗ ಅತ್ತೆ ಎಂದರು: “ಏಳು ವರ್ಷದ ಹಿಂದ ಇದನ್ನ ಧಾರವಾಡದಿಂದ ನಾನ ಒಯ್ದಿದ್ದೆ, ಮಣ್ಣ ಸಮೇತ. ಆ ದೇಶದಾಗ ಯಾರೂ ಎಲಿ ತಿರುವಿ ನೋಡಲಿಲ್ಲ ನೋಡು.”

ಹಾಗಾದರೆ ನಾವು ಸುಟ್ಟದ್ದು ಪರದೇಶದ ಹುಳುಗಳನ್ನೋ, ಊರಿಗೆ ಮರಳಿದ ಧಾರವಾಡದವರನ್ನೋ?