ದೊಡ್ಡವ್ವನ ಕೇಸಿನ ಕುರಿ

ಕಳೆದ ವಾರ ಗಣಪತಿ ಹಬ್ಬದ ಶಾಂತಿಸಭೆಗೆಂದು ಪೊಲೀಸ್ ಠಾಣೆಗೆ ಹೋಗಿದ್ದೆ. ಊರಿನ ಶಾಲೆಯ ಟೀಚರ್ ಎಂದು ನನಗೂ ಹೇಳಿಕಳಿಸಿದ್ದರು. ಗೇಟು ದಾಟುತ್ತಿದ್ದಂತೆ ಮೂಗಿಗೆ ಬಡಿದದ್ದು ಒದ್ದೆ ಉಣ್ಣೆಯ ವಾಸನೆ. ಬೇವಿನ ಮರದ ಬುಡಕ್ಕೆ ಒಂದು ಕುರಿ ಕಟ್ಟಿದ್ದರು. ಬೆಳಗಿನ ಜಡಿಮಳೆಗೆ ನೆನೆದು, ಸುತ್ತ ಹಿಕ್ಕೆ ಹಾಕಿಕೊಂಡು ನಿಂತಿತ್ತು. ದೊಡ್ಡವ್ವನೇ ಪಕ್ಕಕ್ಕೆ ಬಂದು ನಿಂತಂತಾಯಿತು…

ದೊಡ್ಡವ್ವ ಎಂದರೆ ರಕ್ತಸಂಬಂಧವೇನಲ್ಲ. ಕುಬಟೂರಿನ ಹತ್ತಿರದ ನಮ್ಮೂರಿನಲ್ಲಿ ಪಕ್ಕದ ಮನೆಯವಳು. ಗಂಡ ತೀರಿಕೊಂಡ ಮೇಲೂ ಕುರಿ ಬಿಟ್ಟವಳಲ್ಲ. ಸುಗ್ಗಿ ಮುಗಿಯುತ್ತಲೇ ಮೈದುನಂದಿರ ಹಿಂಡಿನ ಜೊತೆ ತನ್ನ ಕುರಿಗಳನ್ನೂ ಹೊಡೆದುಕೊಂಡು ಅಂಜನಾಪುರದ ಕಡೆ ಹೋಗುತ್ತಿದ್ದಳು. ಅಲ್ಲಿ ನೀರಾವರಿ ಗದ್ದೆಯವರು ಗೊಬ್ಬರಕ್ಕೆಂದು ರಾತ್ರಿಯೆಲ್ಲ ಗದ್ದೆಯಲ್ಲೇ ಕುರಿ ತರುಬಿಸಿಕೊಳ್ಳುತ್ತಿದ್ದರು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಮರಿಗಳು ಸ್ವಲ್ಪ ಬಲಿತವೆಂದರೆ ಒಂದೊಂದನ್ನೇ ತೊಡೆಯ ಮೇಲೆ ಹಾಕಿಕೊಂಡು, ಎಡಗಿವಿಯ ತುದಿ ಸೀಳಿ, ಕೆಳಗೊಂದು ಕಚ್ಚು ಹಾಕಿ ಅರಿಶಿನ ಮೆತ್ತುತ್ತಿದ್ದಳು. ಅದು ಅವರ ಮನೆತನದ ಗುರುತು. ಕುರಿ ಸಾಕುವವರಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಬಗೆಯ ಕಚ್ಚು. ತಪ್ಪಿಸಿಕೊಂಡ ಕುರಿ ಎಲ್ಲಿ ಸಿಕ್ಕರೂ ಕಿವಿ ನೋಡಿ ತಂದು ಮುಟ್ಟಿಸುತ್ತಿದ್ದರು. "ನಿಮ್ಗೆ ಆಧಾರ್ ಕಾರ್ಡು, ನಮ್ಗೆ ಕಿವಿ" ಎಂದು ನನ್ನನ್ನು ಛೇಡಿಸುತ್ತಿದ್ದಳು.

ಒಂದು ವರ್ಷ ಅಂಜನಾಪುರದ ಗದ್ದೆಯಿಂದಲೇ ಅವಳ ಮೂರು ಕುರಿ ಕಳುವಾದವು. ಶಿರಾಳಕೊಪ್ಪದ ಸಂತೆಯಲ್ಲಿ ಅವಳ ಮೈದುನನೊಬ್ಬ ಆ ಕಿವಿಗಳನ್ನು ನೋಡಿ, ಕೊಂಡಿದ್ದ ವ್ಯಾಪಾರಿಯ ಕೈ ಹಿಡಿದು ನಿಲ್ಲಿಸಿದ. ವ್ಯಾಪಾರಿ ಬೆರಳು ತೋರಿಸಿದ್ದು ನಮ್ಮೂರಿನವನನ್ನೇ. ಗೂಡ್ಸ್ ಗಾಡಿ ಇಟ್ಟುಕೊಂಡಿದ್ದ ಮನುಷ್ಯ. ಊರಿನ ಹಿರಿಯರು, ಹೊರಗೇ ಮುಗಿಸಿಕೊಳ್ಳಿ, ದೇವಸ್ಥಾನದಲ್ಲಿ ಆಣೆ ಮಾಡಿಸೋಣ ಎಂದರು. ದೊಡ್ಡವ್ವ ಒಪ್ಪಲಿಲ್ಲ.

"ಹೋದ್ಸಲ ಬೇರೆಯೋರ ಕುರಿಗೂ ಆಣೆ ಮಾಡಿದ್ನಲ್ಲ, ಏನಾತು? ಅವ್ನು ಕಳ್ಳ ಅಂತ ಸರ್ಕಾರದೋರ ಬಾಯಲ್ಲೇ ಬರ್ಲಿ. ಠಾಣೆ ಇರೋದು ಯಾತಕ್ಕೆ ಮತ್ತೆ?"

ಅವಳಿಗೆ ಬೇಕಿದ್ದದ್ದು ಅಷ್ಟೇ. ಕುರಿ ಹೇಗೂ ಸಿಕ್ಕಿದ್ದವು. ಅವನು ಕದ್ದದ್ದು ಎಂದು ಸರ್ಕಾರದವರು ನಾಲ್ಕು ಜನರ ಎದುರಿಗೆ ಆಡಬೇಕಿತ್ತು.

ನಾನೂ ಜೊತೆಗೆ ಹೋದೆ. ನಮ್ಮ ಸೊರಬ ತಾಲೂಕಿನ ಠಾಣೆಯಲ್ಲಿ, ಕುರಿ ಹೋಗಿದ್ದು ಶಿಕಾರಿಪುರ ತಾಲೂಕಿನಲ್ಲಿ, ಅಲ್ಲೇ ಕೊಡಿ ಎಂದರು. ಅಲ್ಲಿಗೆ ಹೋದರೆ, ಕಳ್ಳ ನಿಮ್ಮೂರಿನವನೇ ಅಂತೀರಿ, ಅಲ್ಲೇ ಕೊಡಿ ಎಂದರು. ಬಸ್ಸಿನಲ್ಲಿ ಆ ಕಡೆಯಿಂದ ಈ ಕಡೆಗೆ ಅಲೆದು ಅಲೆದು ಸಾಕಾಯಿತು. ಥೂ, ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಅವಳು ಮಾತ್ರ ಕಂಬಳಿ ಹೊದ್ದು ಕಿಟಕಿಗೆ ಒರಗಿ, "ತಡಿ ಮಗಾ, ದೊಡ್ಡ ಆಫೀಸು, ಹೊತ್ತಾಗ್ತೈತಿ" ಎನ್ನುತ್ತಿದ್ದಳು.

ಕೊನೆಗೂ ಕೇಸಾಯಿತು. ಅವನನ್ನು ಕರೆದುಕೊಂಡು ಹೋದರು, ಜಾಮೀನು ಸಿಕ್ಕಿತು, ಮನೆಗೆ ಬಂದ. ಕುರಿಗಳನ್ನು ಇವಳಿಗೆ ಒಪ್ಪಿಸುವಾಗ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಕೇಸು ಮುಗಿಯುವವರೆಗೆ ಅವನ್ನು ಮಾರಬಾರದು, ಕೊಯ್ಯಬಾರದು, ಕರೆದಾಗ ತಂದು ತೋರಿಸಬೇಕು. ಯಾವಾಗ ಕರೆಯುತ್ತಾರೋ ಗೊತ್ತಿಲ್ಲವಲ್ಲ, ಹಾಗಾಗಿ ಸುಗ್ಗಿಯ ನಂತರ ಮೈದುನಂದಿರ ಜೊತೆ ಹೋಗುವುದೂ ನಿಂತಿತು. ವರ್ಷದ ಮೇಲೆ ವರ್ಷ ವಾಯಿದೆ ಬೀಳುತ್ತ ಹೋಯಿತು. ಊರೆಲ್ಲ ಅವನ್ನು ಕೇಸಿನ ಕುರಿ ಎಂದೇ ಕರೆಯತೊಡಗಿತು.

"ನೋಡು ಮಗಾ, ಕಳ್ಳನ್ನ ಬಿಟ್ರು, ನನ್ನ ಕಟ್ಟಾಕಿದ್ರು" ಎಂದು ಒಂದು ದಿನ ಹಿತ್ತಲಲ್ಲಿ ನಿಂತು ನಕ್ಕಳು. ನನಗೆ ನಗು ಬರಲಿಲ್ಲ.

ಕೋರ್ಟಿಗೆ ಹೋಗಲು ಬಸ್ಸಿಗೆ ಕಾಯುತ್ತಿದ್ದಾಗ ಅವನು ಬೈಕ್ ನಿಲ್ಲಿಸುತ್ತಿದ್ದ. "ಬಿಸ್ಲು ಬಾಳ ಐತಿ ದೊಡ್ಡವ್ವ, ಹತ್ತು, ಹೆಂಗೂ ಇಬ್ರೂ ಅಲ್ಲಿಗೇ ಹೋಗೋದಲ್ಲ." ಎಂಥ ಸೊಕ್ಕು! ಅವಳು ಸೆರಗು ತಲೆಯ ಮೇಲೆಳೆದುಕೊಂಡು ಬೇರೆ ಕಡೆ ನೋಡುತ್ತಿದ್ದಳು.

ಈ ನಡುವೆ ಕೇಸಿನ ಕುರಿಗಳಲ್ಲಿ ಒಂದು, ರೋಗ ಬಂದು ಸತ್ತಿತು. ಪಂಚನಾಮೆ ಆದ ಮೇಲೆ ದೊಡ್ಡವ್ವ ಅದರ ಎಡಗಿವಿ ಕೊಯ್ದು, ಉಪ್ಪು ಅರಿಶಿನ ಸವರಿ ಒಲೆಯ ಮೇಲಿನ ಅಡ್ಡಗೋಲಿಗೆ ಕಟ್ಟಿ ಒಣಗಿಸಿದಳು. ಸಾಕ್ಷಿ ಹೇಳಲು ಕರೆ ಬಂದ ದಿನ ಅದನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಕಟಕಟೆಯಲ್ಲಿ ನಿಂತು ಬಿಚ್ಚಿ ತೋರಿಸಿದಾಗ ಕೆಳಗೆ ಕೂತಿದ್ದ ಗುಮಾಸ್ತೆ ಮೂಗಿಗೆ ಕರವಸ್ತ್ರ ಹಿಡಿದ. ಕಳ್ಳನ ಪರ ವಕೀಲರು ಮಾತ್ರ ಮುಖ ಸಿಂಡರಿಸಲಿಲ್ಲ. ಬಹಳ ಮರ್ಯಾದೆಯಿಂದ ಕೇಳಿದರು.

"ಈ ಗುರುತು ನಿಮ್ಮ ಮೈದುನಂದಿರ ಕುರಿಗೂ ಇದೆಯೇನಮ್ಮಾ?"

ದೊಡ್ಡವ್ವನ ಮುಖ ಅರಳಿತು. ಮನೆತನದ ಮಾತು ಬಂದರೆ ಅವಳು ಹಾಗೆಯೇ. "ಐತ್ರೀ ಮತ್ತೆ! ನಮ್ಮ ಅಜ್ಜನ ಕಾಲದಿಂದ್ಲೂ ಎಲ್ಲಾದಕ್ಕೂ ಒಂದೇ ಕಿವಿ."

ಅಷ್ಟು ಸಾಕಾಯಿತು. ಎಲ್ಲರ ಕುರಿಗೂ ಅದೇ ಗುರುತಾದರೆ ಇದು ಈಕೆಯದೇ ಎಂದು ಹೇಗೆ ನಂಬುವುದು, ಮೈದುನನೇ ಮಾರಿರಬಾರದೇಕೆ ಎಂದರು ವಕೀಲರು. ಸಂತೆಯ ವ್ಯಾಪಾರಿ, ಯಾರಿಂದ ಕೊಂಡೆನೋ ನೆನಪಿಲ್ಲ ಎಂದು ಉಲ್ಟಾ ಹೊಡೆದ. ಹಿಡಿದುಕೊಟ್ಟ ಮೈದುನ ಕುರಿ ಹೊಡೆದುಕೊಂಡು ದಾವಣಗೆರೆ ಕಡೆ ಹೋಗಿದ್ದ, ಸಮನ್ಸ್ ಅವನಿಗೆ ತಲುಪಲೇ ಇಲ್ಲ. ಕೇಸು ಬಿದ್ದುಹೋಯಿತು.

ದೊಡ್ಡವ್ವನಿಗೆ ಮೊದಲು ಅರ್ಥವೇ ಆಗಲಿಲ್ಲ. "ನಾನು ಸುಳ್ಳು ಹೇಳ್ಬೇಕಿತ್ತೇನು ಮಗಾ?" ಎಂದು ಬಸ್ ಸ್ಟ್ಯಾಂಡಿನಲ್ಲಿ ಕೇಳಿದಳು. ಕಡಲೆಕಾಯಿ ಕೊಂಡು ಅವಳ ಕೈಗಿಟ್ಟೆ. ತಿನ್ನಲಿಲ್ಲ.

ಆಮೇಲೆ ಹುಟ್ಟಿದ ಮರಿಗಳಿಗೆ ಅವಳು ಕಿವಿಗೆ ಕಚ್ಚು ಹಾಕಲೇ ಇಲ್ಲ. ನೆನಪಿಸಿದರೆ, "ಯಾರಿಗೆ ತೋರ್ಸೋಕೆ?" ಎನ್ನುತ್ತಿದ್ದಳು. ಆ ಮರಿಗಳಲ್ಲಿ ಒಂದೆರಡು ಒಂದು ಮಧ್ಯಾಹ್ನ ಮಾಯವಾದವು. ಯಾರೆಂದು ಅವಳೂ ಕೇಳಲಿಲ್ಲ, ಊರೂ ಕೇಳಲಿಲ್ಲ. ಉಳಿದದ್ದನ್ನೆಲ್ಲ ಮೈದುನಂದಿರಿಗೆ ಬಿಟ್ಟುಕೊಟ್ಟಳು. ಕುರಿ ಇಲ್ಲದ ದೊಡ್ಡವ್ವನ ಬಾಯಿ ಸಣ್ಣಗಾಯಿತು. ಎರಡು ಮಳೆಗಾಲ ಕಳೆಯುವುದರೊಳಗೆ ಹೋಗಿಬಿಟ್ಟಳು.

ಕಳೆದ ವಾರದ ಶಾಂತಿಸಭೆಯಲ್ಲಿ ಮುಂದಿನ ಕುರ್ಚಿಯಲ್ಲಿ ಕೂತಿದ್ದವನು ಆ ಗೂಡ್ಸ್ ಗಾಡಿಯವನೇ. ಹಬ್ಬದ ಸಮಿತಿಯ ಮುಖಂಡ. ಹೊಸದಾಗಿ ಬಂದ ಸಾಹೇಬರು ಒಳ್ಳೆಯವರಂತೆಯೇ ಕಂಡರು. "ನಿಮ್ಮೂರಿಂದ ಇತ್ತೀಚೆಗೆ ಒಂದೂ ಕಂಪ್ಲೇಂಟ್ ಬಂದಿಲ್ಲ. ಎಲ್ಲಾ ಊರೂ ಹೀಗೇ ಕಂಟ್ರೋಲಲ್ಲಿದ್ರೆ ನಮಗೂ ಆರಾಮ" ಎಂದರು. ಚಪ್ಪಾಳೆ ಬಿತ್ತು. ಅವನೂ ತಟ್ಟಿದ.

ನನಗೆ ಕೂರಲಾಗಲಿಲ್ಲ. ಎದ್ದು ನಿಂತು, "ಕಳ್ಳತನ ಇಲ್ಲ ಅಂತಲ್ಲ ಸಾರ್. ಕಂಪ್ಲೇಂಟ್ ಕೊಡೋರು ಇಲ್ಲ, ಅಷ್ಟೇ" ಎಂದೆ. ಸಾಹೇಬರು, "ಆಯ್ತು ಮೇಡಂ, ಆಮೇಲೆ ಮಾತಾಡೋಣ" ಎಂದರು. ಅಷ್ಟರಲ್ಲಿ ಚಹಾ ಬಂತು. "ತಗೊಳ್ರೀ ಟೀಚರ್" ಎಂದು ನನಗೆ ಲೋಟ ದಾಟಿಸಿದವನೂ ಅವನೇ.

ಲೋಟ ಅಲ್ಲೇ ಇಟ್ಟು ಹೊರಗೆ ಬಂದೆ. ಬೇವಿನ ಮರದ ಕೆಳಗೆ ಈಗ ಕುರಿಯ ಪಕ್ಕದಲ್ಲಿ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತಿದ್ದಳು.

"ಅಕ್ಕಾರೇ, ಈ ಕುರಿ ನಂದೇರೀ. ಕದ್ದೋನೂ ಸಿಕ್ಕಾನ. ಕೇಸು ಬರ್ಸಿದ್ರೆ ಅವ್ನಿಗೆ ಶಿಕ್ಷೆ ಆಗ್ತೈತೇನ್ರೀ?"

ನಾನು ಬಗ್ಗಿ ಕುರಿಯ ಕಿವಿ ಹಿಡಿದು ನೋಡಿದೆ. ಬೇರೆ ಯಾವುದೋ ಮನೆತನದ ಕಚ್ಚು. "ಈ ಗುರುತು ನಿಮ್ಮ ಮನೆತನದ ಎಲ್ಲಾ ಕುರಿಗೂ ಐತಾ?" ಎಂದು ಕೇಳಿದೆ.

ಅವಳ ಮುಖ ಅರಳಿತು. "ಹೂಂರೀ ಮತ್ತೆ! ಎಲ್ಲಾದಕ್ಕೂ ಒಂದೇ."

ಬರೆಸು ಎನ್ನಲೋ, ಬೇಡ, ಮನೆಗೆ ಹೋಗು ಎನ್ನಲೋ? ಇಂಥವಳಿಗೆ ಏನು ಹೇಳಬೇಕೆಂದು ಕೇಳೋಣವೆಂದರೆ ದೊಡ್ಡವ್ವ ಇಲ್ಲ.